ಥಾಮಸ್ ಹುಡ್ ಸಮಗ್ರ ಕವಿತೆ: ಎಲ್ಲಿಂದ ಓದೋದು?

ಮೊದಲ ಪುಟದಿಂದ ಮಾತ್ರ ಶುರು ಮಾಡಬೇಡಿ. ಹುಡ್ (1799–1845) ಲಂಡನ್ನಿನ ಇಂಗ್ಲಿಷ್ ಕವಿ. ಸಾಲ, ಕಾಯಿಲೆ ಎರಡೂ ಬೆನ್ನು ಬಿಡಲಿಲ್ಲ, ಹೊಟ್ಟೆಪಾಡಿಗೆ ತಮಾಷೆ ಪದ್ಯ ಬರೆದೇ ಬರೆದ, ಹಾಗಾಗಿ ಕಾಳಿನ ಜೊತೆ ಜೊಳ್ಳೂ ಜಾಸ್ತಿ. ಪುಸ್ತಕ ಕೊಳ್ಳಲೇಬೇಕೆಂದಿಲ್ಲ, ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ.

ಮೊದಲು 'ನೋ!' ಅನ್ನೋ ಪುಟ್ಟ ಪದ್ಯ ತೆಗೆಯಿರಿ. ಬಾಯಿಬಿಟ್ಟು ಓದಿ. ನಾನು ಬಸ್ಸಲ್ಲಿ ಕೂತು ಮನಸ್ಸಲ್ಲೇ ಓದಿದಾಗ ಏನೂ ಅನ್ನಿಸಿರಲಿಲ್ಲ. ಸೂರ್ಯ ಇಲ್ಲ, ಚಂದ್ರ ಇಲ್ಲ, ಹೂವಿಲ್ಲ, ಹಕ್ಕಿಯಿಲ್ಲ ಅಂತ ಸಾಲು ಸಾಲಾಗಿ 'ನೋ' ಬಂದು, ಕಡೆಗೆ ಬರೋ ಒಂದೇ ಪದ ನವೆಂಬರ್! ನಮ್ಮ ಹಾಗೆ 'ನವೆಂಬರ್' ಅಂದರೆ ತಮಾಷೆ ಕೆಟ್ಟಿತು, 'ನೋ-ವೆಂಬರ್' ಅನ್ನಬೇಕು.

ಆಮೇಲೆ 'ಫೇತ್‌ಲೆಸ್ ನೆಲ್ಲಿ ಗ್ರೇ'. ತೋಪಿನ ಗುಂಡಿಗೆ ಸೈನಿಕನ ಕಾಲು ಹೋಗುತ್ತದೆ, ಅವನು 'ಆರ್ಮ್ಸ್' ಕೆಳಗಿಡುತ್ತಾನೆ. ಆರ್ಮ್ಸ್ ಅಂದರೆ ಆಯುಧವೂ ಹೌದು, ತೋಳೂ ಹೌದು. ಇಂಥ ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಎರಡೂ ಅರ್ಥ ಬರೆದುಕೊಳ್ಳಿ. ದಿನಕ್ಕೆ ಎರಡು ಪದ್ಯ ಸಾಕು, ಶ್ಲೇಷೆ ಉಪ್ಪಿನಕಾಯಿ ಥರ, ಅದನ್ನೇ ಊಟ ಮಾಡೋಕಾಗಲ್ಲ ಅಲ್ವಾ?

ಕಿವಿ ಹೀಗೆ ಪಳಗಿದ ಮೇಲೆ 'ಸಾಂಗ್ ಆಫ್ ದ ಶರ್ಟ್'ಗೆ ಬನ್ನಿ. 1843ರ ಕ್ರಿಸ್‌ಮಸ್ ಹೊತ್ತಿಗೆ 'ಪಂಚ್' ಪತ್ರಿಕೆಯಲ್ಲಿ ಕವಿಯ ಹೆಸರಿಲ್ಲದೆ ಅಚ್ಚಾದ ಪದ್ಯ. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕೂಲಿಗೆ ಬಟ್ಟೆ ಹೊಲಿಯುತ್ತಿದ್ದ ಒಬ್ಬ ವಿಧವೆ, ಹೊಲಿಯಲು ಕೊಟ್ಟ ಬಟ್ಟೆಯನ್ನೇ ಗಿರವಿ ಇಟ್ಟು ಕೋರ್ಟಿನ ಕಟಕಟೆ ಹತ್ತಿದ ಸುದ್ದಿ ಇದಕ್ಕೆ ಮೂಲ. 'ಸ್ಟಿಚ್, ಸ್ಟಿಚ್, ಸ್ಟಿಚ್' ಅನ್ನೋದನ್ನು ಸೂಜಿ ಚುಚ್ಚಿದ ಹಾಗೆ, ಬಿಡಿಸಿ ಬಿಡಿಸಿ ಹೇಳಿ. ಹೊಲಿಯುತ್ತಾ ಹೊಲಿಯುತ್ತಾ ಆಕೆ, ಒಂದೇ ಸಲಕ್ಕೆ ಜೋಡಿ ದಾರದಲ್ಲಿ ಶರ್ಟನ್ನೂ ಹೊಲಿತಿದೀನಿ, ಹೆಣದ ಬಟ್ಟೆಯನ್ನೂ ಹೊಲಿತಿದೀನಿ ಅನ್ನುತ್ತಾಳೆ. ಸ್ವಲ್ಪ ನಿಲ್ಲಿ ಇಲ್ಲಿ. ಒಂದು ಮಾತಿಗೆ ಎರಡು ಅರ್ಥ ಹೊಲಿಯೋದು ಹುಡ್‌ನ ಹಳೇ ಚಾಳಿ, ಸೈನಿಕನ ತೋಳಿನ ಜೋಕಲ್ಲೂ ಇದೇ ಇತ್ತು. ಅದಕ್ಕೇ ತಮಾಷೆ ಪದ್ಯ ಹಾರಿಸಿ ನೇರ ಇಲ್ಲಿಗೆ ಬರಬೇಡಿ ಅನ್ನೋದು.

'ಬ್ರಿಡ್ಜ್ ಆಫ್ ಸೈಸ್'ಗೆ ನಮಗೊಂದು ಅನುಕೂಲ ಇದೆ. ನದಿಗೆ ಬಿದ್ದು ಸತ್ತ ಹೆಣ್ಣಿನ ಈ ಪದ್ಯವನ್ನು ಬಿ.ಎಂ.ಶ್ರೀ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ 'ದುಃಖಸೇತು' ಅಂತ ಕನ್ನಡಕ್ಕೆ ತಂದಿದ್ದಾರೆ. ಮೊದಲು ಅದನ್ನು ಓದಿ, ಆಮೇಲೆ ಇಂಗ್ಲಿಷ್. ಗಿಡ್ಡ ಗಿಡ್ಡ ಸಾಲುಗಳು, ಓಡಬೇಡಿ.

'ಮಿಸ್ ಕಿಲ್‌ಮನ್‌ಸೆಗ್' ತುಂಬಾ ಉದ್ದ, ರಜೆಗೆ ಇಟ್ಟುಕೊಳ್ಳಿ. ಚಿನ್ನದ ಕಾಲು ಮಾಡಿಸಿಕೊಂಡ ಶ್ರೀಮಂತೆಯನ್ನು ಗಂಡ ಅದೇ ಕಾಲಲ್ಲಿ ಬಡಿದು ಕೊಲ್ಲುತ್ತಾನೆ. ವಿಚಾರಣೆಯಲ್ಲಿ ಆತ್ಮಹತ್ಯೆ ಅಂತ ತೀರ್ಪಾಗುತ್ತದೆ, ಯಾಕೆಂದರೆ ಕೊಂದದ್ದು ಅವಳದೇ ಕಾಲು!