ನಲವತ್ತರವರೆಗೂ ಒಂಬತ್ತನೇ ನಂಬರ್

ಫುಟ್‌ಬಾಲ್‌ನಲ್ಲಿ ಸ್ಟ್ರೈಕರ್ ಆಗಿ, ಅಂದರೆ ಗೋಲು ಹೊಡೆಯಲು ಮುಂದೆ ನಿಲ್ಲುವ ಒಂಬತ್ತನೇ ನಂಬರಿನವನಾಗಿ, ಎಷ್ಟು ವಯಸ್ಸಿನವರೆಗೆ ಆಡಬಹುದು? ನಮ್ಮ ಬೆಳಗಾವಿ ಕ್ಯಾಂಪ್ ಕಡೆ ಹುಡುಗರನ್ನು ಕೇಳಿದರೆ ಮೂವತ್ತು ಅಂತಾರೆ. ಅದಾದ ಮೇಲೆ ಹಿಂದೆ ಸರಿದು ಡಿಫೆನ್ಸ್ ಆಡಬೇಕು, ಇಲ್ಲ ಸೀಟಿ ಹಿಡಿದು ರೆಫರಿ ಆಗಬೇಕು. ನಾನು ನಲವತ್ತು ದಾಟುವವರೆಗೂ ಸಂಬಳ ತಗೊಂಡು ಮುಂದೆಯೇ ಆಡಿದೆ. ದೊಡ್ಡ ಹೆಸರೇನೂ ಮಾಡಿದವನಲ್ಲ. ಗೋವಾದ ಲೀಗ್, ಬೆಂಗಳೂರಿನ ಸೂಪರ್ ಡಿವಿಷನ್, ನಡುವೆ ಊರೂರಿನ ಟೂರ್ನಮೆಂಟ್‌ಗಳು. ಆದರೂ ಅಷ್ಟು ವರ್ಷ ಹೇಗೆ ತಡೆದಿರಿ ಅಂತ ಕೇಳುವವರು ಇದ್ದಾರೆ. ಅವರಿಗೆ ಕೂತು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಬೆಳಗಾವಿಯವರಿಗೆ ಫುಟ್‌ಬಾಲ್ ಹೊಸದಲ್ಲ. ಮಿಲಿಟರಿ ಕ್ಯಾಂಪ್ ಇದೆ, ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಇದೆ, ಮಿಷನರಿ ಶಾಲೆಗಳಿವೆ. ಕ್ರಿಕೆಟ್ ಎಷ್ಟೇ ಮೆರೆದರೂ ಮಳೆಗಾಲ ಬಂತೆಂದರೆ ಮೈದಾನ ಫುಟ್‌ಬಾಲಿನವರದೇ. ಇನ್ನೊಂದು ಅನುಕೂಲ, ಚೋರ್ಲಾ ಘಾಟ್ ಇಳಿದರೆ ಗೋವಾ. ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು, ಗೋವಾಕ್ಕೆ ಬೆಳಗ್ಗೆ ಹೋಗಿ ಟ್ರಯಲ್ ಕೊಟ್ಟು ರಾತ್ರಿ ಊಟಕ್ಕೆ ಮನೆಗೆ ಬರಬಹುದು. ನಾನು ಹೋದದ್ದೂ ಹಾಗೆಯೇ.

ವಯಸ್ಸಾದರೂ ಮುಂದೆಯೇ ಆಡುವ ವಿಷಯದಲ್ಲಿ ನನ್ನ ಗುರು, ಭಾರತ ತಂಡದ ನಾಯಕರಾಗಿದ್ದ ಸುನಿಲ್ ಛೆಟ್ರಿ. ಅವರಿಗೆ ಅದು ಗೊತ್ತಿಲ್ಲ, ಏಕಲವ್ಯನ ಥರದ ಶಿಷ್ಯ ನಾನು. 2002ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ ಸೇರಿದ ಹುಡುಗ, 2005ರ ಜೂನ್‌ನಲ್ಲಿ ಪಾಕಿಸ್ತಾನದ ಕ್ವೆಟ್ಟಾದಲ್ಲಿ ಭಾರತಕ್ಕೆ ಮೊದಲ ಮ್ಯಾಚ್ ಆಡಿ ಗೋಲು ಹೊಡೆದರು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ವಿದಾಯ ಹೇಳುವಾಗ 151 ಮ್ಯಾಚ್, 94 ಗೋಲು ಆಗಿತ್ತು. ಮುಗೀತು ಅಂದುಕೊಂಡರೆ 2025ರ ಮಾರ್ಚ್‌ನಲ್ಲಿ ಮತ್ತೆ ಬಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ಹೆಡರ್, ಅಂದರೆ ತಲೆಯಿಂದ ಗೋಲು ಹೊಡೆದರು. ಆಗ ಅವರಿಗೆ ನಲವತ್ತು ತುಂಬಿತ್ತು.

ಅಂಕಿ ಅಂಶ ಎಲ್ಲರಿಗೂ ಸಿಗುತ್ತದೆ. ನನಗೆ ಬೇಕಾಗಿದ್ದದ್ದು ಬೇರೆ. ಕಂಠೀರವ ಸ್ಟೇಡಿಯಂನಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚ್‌ಗೆ ಟಿಕೆಟ್ ತಗೊಂಡು ಒಂದು ಹಾಫ್ ಪೂರ್ತಿ ಬಾಲ್ ನೋಡದೆ ಛೆಟ್ರಿಯವರನ್ನೇ ನೋಡಿದೆ. ಪಕ್ಕದಲ್ಲಿ ಕೂತವರು ಗೋಲ್ ಅಂತ ಕೂಗಿ ಎದ್ದರೂ ನನ್ನ ಕಣ್ಣು ಅವರ ಮೇಲೇ. ಅಷ್ಟೊತ್ತು ನೋಡಿದ್ದಕ್ಕೆ ಗೊತ್ತಾಯಿತು, ಆ ಮನುಷ್ಯ ಜಾಸ್ತಿ ಹೊತ್ತು ನಡೆಯುತ್ತಲೇ ಇರುತ್ತಾರೆ! ನಡೆಯುವಾಗ ಕುತ್ತಿಗೆ ಮಾತ್ರ ಸುಮ್ಮನಿರುವುದಿಲ್ಲ. ಎಡಕ್ಕೆ ನೋಡು, ಬಲಕ್ಕೆ ನೋಡು, ಹಿಂದೆ ನೋಡು. ಡಿಫೆಂಡರ್ ಬಾಲ್ ಕಡೆ ತಿರುಗಿದ ಕ್ಷಣಕ್ಕೆ ಅವನ ಬೆನ್ನ ಹಿಂದೆ ಹೋಗಿ ನಿಲ್ಲುತ್ತಾರೆ. ಅವನಿಗೆ ಬಾಲ್ ಕಂಡರೆ ಇವರು ಕಾಣಲ್ಲ, ಇವರು ಕಂಡರೆ ಬಾಲ್ ಕಾಣಲ್ಲ. ಆಮೇಲೆ ಒಂದು ಸಣ್ಣ ಓಟ, ನಾಲ್ಕೈದು ಹೆಜ್ಜೆ, ಅಷ್ಟೇ. ಬಾಲ್ ಬಂದರೆ ಗೋಲು. ಬರದಿದ್ದರೆ ಮತ್ತೆ ನಡಿಗೆ.

ನಾನು ಇಪ್ಪತ್ತೈದರ ತನಕ ಆಡಿದ್ದೇ ಓಡುವ ಆಟ. ಹಿಂದಿನಿಂದ ಉದ್ದ ಪಾಸ್ ಹಾಕುತ್ತಿದ್ದರು, ನಾನು ಬೆನ್ನಟ್ಟುತ್ತಿದ್ದೆ. ಕಾಲಲ್ಲಿ ವೇಗ ಇರುವಷ್ಟು ದಿನ ಅದು ಚೆಂದ. ಆದರೆ ವೇಗ ಮಾತ್ರ ನಂಬಿದ ಫಾರ್ವರ್ಡ್‌ಗಳು ನನ್ನ ಕಣ್ಣೆದುರೇ ಒಬ್ಬೊಬ್ಬರಾಗಿ ಮನೆಗೆ ಹೋದರು. ಇಂಗ್ಲೆಂಡಿನ ಟೆಡ್ಡಿ ಶೆರಿಂಗ್‌ಹ್ಯಾಮ್ ಮೊದಲಿನಿಂದಲೂ ವೇಗಕ್ಕೆ ಹೆಸರಾದವರಲ್ಲ. ಅವರು 2006ರ ಡಿಸೆಂಬರ್‌ನಲ್ಲಿ, ನಲವತ್ತು ದಾಟಿದ ಮೇಲೆ, ಪ್ರೀಮಿಯರ್ ಲೀಗ್‌ನಲ್ಲಿ ಗೋಲು ಹೊಡೆದರು. ಜಪಾನಿನ ಕಜುಯೋಶಿ ಮಿಯುರಾ 2017ರಲ್ಲಿ ಐವತ್ತನೇ ವಯಸ್ಸಲ್ಲಿ ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ ಹೊಡೆದರು. ನಿಧಾನದವರೇ ಜಾಸ್ತಿ ದಿನ ಬಾಳುತ್ತಾರೆ ಅಂತ ನಾನು ಹುಡುಗರಿಗೆ ತಮಾಷೆ ಮಾಡುತ್ತಿರುತ್ತೇನೆ. ಪೂರ್ತಿ ತಮಾಷೆಯೂ ಅಲ್ಲ ಬಿಡಿ.

ಓಟ ಕಡಿಮೆ, ನೋಟ ಜಾಸ್ತಿ. ಇಪ್ಪತ್ತೆಂಟರ ಹೊತ್ತಿಗೆ ನನ್ನ ಆಟವನ್ನು ಇದಕ್ಕೆ ತಿರುಗಿಸಿದೆ. ಅಭ್ಯಾಸ ಮಾಡಿದ್ದು ತಿಲಕವಾಡಿಯ ಲೇಲೆ ಮೈದಾನದಲ್ಲಿ. ಗೆಳೆಯನೊಬ್ಬ ಬದಿಯಿಂದ ಕ್ರಾಸ್ ಹಾಕುತ್ತಿದ್ದ, ಅಂದರೆ ಬಾಲನ್ನು ಗೋಲಿನ ಮುಂದಕ್ಕೆ ಕಳಿಸುತ್ತಿದ್ದ. ನಾನು ಮೊದಲು ಗೋಲಿನ ದೂರದ ಕಂಬದ ಕಡೆ ಎರಡು ಹೆಜ್ಜೆ ಹೋಗಿ, ಡಿಫೆಂಡರ್ ನನ್ನ ಜೊತೆ ಬಂದ ಮೇಲೆ ಗಕ್ಕನೆ ತಿರುಗಿ ಹತ್ತಿರದ ಕಂಬಕ್ಕೆ ನುಗ್ಗಬೇಕು. ಮೊದಲ ಎರಡು ಹೆಜ್ಜೆ ಸುಳ್ಳು, ಮುಂದಿನ ಮೂರು ನಿಜ. ಸುಳ್ಳು ಹೆಜ್ಜೆಯನ್ನು ಆತುರದಲ್ಲಿ ಹಾಕಿದರೆ ಯಾರೂ ನಂಬಲ್ಲ. ನಿಧಾನಕ್ಕೆ, ಭುಜ ಬಾಗಿಸಿ, ಬೇಕೆಂದೇ ಅತ್ತ ಹೊರಟವನ ಹಾಗೆ ಹಾಕಬೇಕು. ಮತ್ತೆ ಬಾಲ್ ಬಂದಾಗ ತಡೆದು ನಿಲ್ಲಿಸುವ ಮಾತೇ ಇಲ್ಲ, ಒಂದೇ ಟಚ್. ಪೆನಾಲ್ಟಿ ಬಾಕ್ಸಿನಲ್ಲಿ ಎರಡನೇ ಟಚ್‌ಗೆ ಪುರುಸೊತ್ತು ಸಿಗುವುದು ಅಪರೂಪ.

ನಿಯಮ ಓದುವುದನ್ನೂ ನಮ್ಮವರು ಕಡೆಗಣಿಸುತ್ತಾರೆ. ಥ್ರೋ-ಇನ್, ಗೋಲ್‌ಕಿಕ್, ಕಾರ್ನರ್ ಈ ಮೂರರಿಂದ ನೇರವಾಗಿ ಬಂದ ಬಾಲ್‌ಗೆ ಆಫ್‌ಸೈಡ್, ಅಂದರೆ ಎದುರಾಳಿಗಳನ್ನು ದಾಟಿ ಮುಂದೆ ನಿಂತ ತಪ್ಪು, ಇಲ್ಲ. ಕೊನೆಯಿಂದ ಎರಡನೇ ಎದುರಾಳಿಗೆ ಸರಿಸಮ ನಿಂತರೂ ಆಫ್‌ಸೈಡ್ ಅಲ್ಲ, 1990ರಿಂದ ಹಾಗಿದೆ. ನಮ್ಮ ಟೀಮಿಗೆ ಥ್ರೋ ಸಿಕ್ಕಾಗ ನಾನು ಸೀದಾ ಡಿಫೆಂಡರ್‌ಗಳ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಅವರು ಕೈ ಎತ್ತಿ ರೆಫರಿ ಕಡೆ ನೋಡುವಷ್ಟರಲ್ಲಿ ಬಾಲ್ ನನ್ನ ಕಾಲಲ್ಲಿ. ಓದಿಕೊಂಡದ್ದಕ್ಕೆ ಸಿಕ್ಕ ಗೋಲುಗಳು ಇವು, ಬೆವರಿನ ಖರ್ಚೂ ಕಮ್ಮಿ.

ಹೆಡರ್ ಬಗ್ಗೆ ಒಂದು ಮಾತು. ಛೆಟ್ರಿ ಸುಮಾರು ಐದಡಿ ಏಳಿಂಚು, ನಾನೂ ಅಷ್ಟೇ ಇದ್ದೇನೆ. ಎತ್ತರ ಇಲ್ಲದವನು ಹೆಡರ್ ಬಿಟ್ಟುಬಿಡುತ್ತಾನೆ, ಅಲ್ಲೇ ಅರ್ಧ ಗೋಲು ಹೋಯಿತು. ನಾನು ಹುಣಸೆ ಮರದ ಕೊಂಬೆಗೆ ಹಗ್ಗ ಕಟ್ಟಿ ಹಳೇ ಬಾಲನ್ನು ಬಲೆಚೀಲದಲ್ಲಿ ನೇತು ಹಾಕಿದ್ದೆ. ನಿಂತಲ್ಲೇ ಹಾರಿದರೆ ತಲೆಗೆ ಸಿಗದಷ್ಟು ಎತ್ತರಕ್ಕೆ. ಬದಿಯಿಂದ ಓಡಿ ಬಂದು ಒಂದು ಕಾಲಲ್ಲಿ ನೆಗೆದರೆ ಮಾತ್ರ ಹಣೆಗೆ ತಾಗುತ್ತಿತ್ತು. ಬಾಲನ್ನು ತೂಗಿಬಿಟ್ಟರೆ ಇನ್ನೂ ಕಷ್ಟ, ಯಾವಾಗ ನೆಗೆಯಬೇಕು ಅನ್ನುವುದೇ ಪಾಠ. ಕಣ್ಣು ಮುಚ್ಚಿದರೆ ಮೂಗಿಗೆ ಹೊಡೆಯುತ್ತದೆ. ಎರಡು ಸಲ ಮೂಗಿಗೆ ಬಿದ್ದರೆ ಕಣ್ಣು ತಾನಾಗೇ ತೆರೆದಿರುತ್ತದೆ.

ಈಗ ಮೈಯ ವಿಷಯ. ಸ್ಟ್ರೈಕರ್‌ಗಳನ್ನು ಬೇಗ ಮನೆಗೆ ಕಳಿಸುವುದು ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು. ಜೋರಾಗಿ ಓಡುವಾಗ ಕಾಲು ಮುಂದಕ್ಕೆ ಬೀಸಿ ನೆಲ ಮುಟ್ಟುವ ಮುಂಚೆ ಅದು ಪೂರ್ತಿ ಹಿಗ್ಗಿರುತ್ತದೆ, ಹರಿಯುವುದು ಹೆಚ್ಚಾಗಿ ಆಗಲೇ. ಗೋವಾದಲ್ಲಿದ್ದಾಗ ಫಿಜಿಯೊ ಒಬ್ಬರು ನಾರ್ಡಿಕ್ ಅನ್ನುವ ವ್ಯಾಯಾಮ ಹೇಳಿಕೊಟ್ಟರು. ಮೊಣಕಾಲೂರಿ ಕೂರಬೇಕು, ಇನ್ನೊಬ್ಬರು ಹಿಂದಿನಿಂದ ಹಿಮ್ಮಡಿ ಗಟ್ಟಿಯಾಗಿ ಹಿಡಿಯಬೇಕು. ಬೆನ್ನು ನೆಟ್ಟಗಿಟ್ಟು, ಸೊಂಟ ಬಗ್ಗಿಸದೆ, ಆದಷ್ಟು ನಿಧಾನಕ್ಕೆ ಮುಂದಕ್ಕೆ ವಾಲುತ್ತಾ ಹೋಗಬೇಕು. ಇನ್ನು ತಡೆಯಲಾಗದು ಅನಿಸಿದಾಗ ಎರಡೂ ಕೈ ಊರಿ ಬೀಳಬೇಕು. ಇದನ್ನು ಬಿಡದೆ ಮಾಡುವ ಟೀಮುಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅಂತ ಸಂಶೋಧನೆಗಳು ಹೇಳುತ್ತವೆ.

ಮನೆಯಲ್ಲಿ ನನ್ನ ತಮ್ಮ ಹಿಮ್ಮಡಿ ಹಿಡಿಯುತ್ತಿದ್ದ. ಅವನಿಲ್ಲದ ದಿನ ಮಂಚದ ಕೆಳಗೆ ಪಾದ ಸಿಗಿಸುತ್ತಿದ್ದೆ. ನಮ್ಮವ್ವ ಬಾಗಿಲಲ್ಲಿ ನಿಂತು, "ಇದ್ಯಾವ ದೇವ್ರಿಗೆ ನಮಸ್ಕಾರ ಹಾಕಾಕತ್ತೀಯೋ ಮಾರಾಯಾ?" ಅಂತ ಕೇಳಿದ್ದಳು. ಮೊದಲ ಕೆಲವು ದಿನ ತೊಡೆ ಎಷ್ಟು ನೋಯುತ್ತದೆಂದರೆ ಮೆಟ್ಟಿಲು ಇಳಿಯುವುದೂ ಬೇಡ ಅನಿಸುತ್ತದೆ. ಹಾಗಾಗಿ ಸೀಸನ್‌ಗೆ ಮುಂಚೆ ಶುರು ಮಾಡಿ, ಮ್ಯಾಚಿನ ಹಿಂದಿನ ದಿನ ಹೊಸದಾಗಿ ಹಿಡಿಯಬೇಡಿ.

ಇನ್ನೊಂದು ಸಂಗತಿ ಹಳೇ ಆಟಗಾರರಿಗೆ ಹಿಡಿಸಲ್ಲ. ವಯಸ್ಸಾಯಿತು ಅಂತ ಅಭ್ಯಾಸದಲ್ಲಿ ಜೋರಾಗಿ ಓಡುವುದನ್ನೇ ಬಿಡುತ್ತಾರೆ. ಮ್ಯಾಚಿನಲ್ಲಿ ಒಂದು ಬಾಲ್ ಬೆನ್ನಟ್ಟಲೇಬೇಕಾಗುತ್ತದೆ, ಆಗ ಸ್ನಾಯುವಿಗೆ ಆ ವೇಗವೇ ಮರೆತಿರುತ್ತದೆ. ನಾನು ವಾರದಲ್ಲಿ ಒಂದೆರಡು ದಿನ, ಮೈ ಚೆನ್ನಾಗಿ ಬಿಸಿಯಾದ ಮೇಲೆ, ನಾಲ್ಕಾರು ಓಟ ಪೂರ್ತಿ ವೇಗದಲ್ಲಿ ಓಡುತ್ತಿದ್ದೆ. ನಡುವೆ ಬೇಕಾದಷ್ಟು ವಿಶ್ರಾಂತಿ. ಕಾಲಿನ ಬಲಕ್ಕೆ ಯಳ್ಳೂರು ಗುಡ್ಡ ಇತ್ತು. ರಾಜಹಂಸಗಡದ ಏರಿನಲ್ಲಿ ಸಣ್ಣ ಸಣ್ಣ ಓಟ. ಏರು ಹತ್ತುವಾಗ ಕಾಲು ಉದ್ದಕ್ಕೆ ಬೀಸಲ್ಲ, ಹ್ಯಾಮ್‌ಸ್ಟ್ರಿಂಗ್‌ಗೆ ಅಷ್ಟು ಹೊರೆ ಬೀಳಲ್ಲ, ಮೊದಲ ಐದು ಮೀಟರ್‌ಗೆ ಬೇಕಾದ ಬಲ ಮಾತ್ರ ಬರುತ್ತದೆ. ಇಳಿಯುವಾಗ ಓಡುತ್ತಿರಲಿಲ್ಲ. ಮೊಣಕಾಲಿಗೆ ಕೆಟ್ಟದ್ದು ಇಳಿಜಾರೇ. ಗೆಳೆಯರ ಬೈಕ್ ಹತ್ತಿ ಬರುತ್ತಿದ್ದೆ, ಅವರು ನಗುತ್ತಿದ್ದರು.

ಬೂಟಿನಲ್ಲಿ ಕಂಜೂಸಿ ಮಾಡಬೇಡಿ. ನಮ್ಮ ಮಳೆಗಾಲದ ಕೆಂಪು ಕೆಸರಿಗೆ ಬೂಟಿನ ಅಡಿಯಲ್ಲಿ ಉದ್ದ ಸ್ಟಡ್ (ಗುಬ್ಬಿ) ಬೇಕು. ಅದೇ ಬೂಟು ಹಾಕಿಕೊಂಡು ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಂಥ ಕೃತಕ ಹುಲ್ಲಿನ ಮೇಲೆ ಆಡಿದರೆ ಪಾದ ಅಲ್ಲೇ ಕಚ್ಚಿಕೊಳ್ಳುತ್ತದೆ, ಮೈ ತಿರುಗುತ್ತದೆ, ಮೊಣಕಾಲಿಗೆ ಆಪತ್ತು. ಅಲ್ಲಿಗೆ ಗಿಡ್ಡನೆಯ, ಸಂಖ್ಯೆಯಲ್ಲಿ ಜಾಸ್ತಿ ಇರುವ ಸ್ಟಡ್ ಆಗಬೇಕು. ಕೆಸರಿನ ಲಾಭವೂ ಇದೆ ಅನ್ನಿ. ಒದ್ದೆ ಬಾಲ್ ಗೋಲ್‌ಕೀಪರ್ ಕೈಯಿಂದ ಜಾರುತ್ತದೆ. ಮಳೆಯಲ್ಲಿ ನಮ್ಮವರು ಯಾರೇ ಹೊಡೆದರೂ ನಾನು ಗೋಲಿನ ಕಡೆ ಹೋಗಿಯೇ ಹೋಗುತ್ತಿದ್ದೆ. ಹತ್ತಕ್ಕೆ ಒಂಬತ್ತು ಸಲ ಸುಮ್ನೆ ಹೋದಂತೆ. ಹತ್ತನೆಯದು ಕಾಲ ಬುಡಕ್ಕೆ ಬಂದು ಬೀಳುತ್ತದೆ.

ಊಟದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ಮೊಟ್ಟೆ. ಮ್ಯಾಚಿನ ದಿನ ಮಾತ್ರ ರೊಟ್ಟಿ ಬೇಡ, ಹೊಟ್ಟೆಯಲ್ಲಿ ಕೂತುಬಿಡುತ್ತದೆ. ಮೂರು ಗಂಟೆ ಮುಂಚೆ ಮೊಸರನ್ನ ಅಥವಾ ಅವಲಕ್ಕಿ ಸಾಕು. ಮೂವತ್ತರ ನಂತರ ಕುಂದಾ ತಿನ್ನುವುದು ಹಬ್ಬಕ್ಕಷ್ಟೇ ಆಯಿತು. ಬೆಳಗಾವಿಯಲ್ಲಿದ್ದು ಇದನ್ನು ಪಾಲಿಸುವುದು ನಾರ್ಡಿಕ್‌ಗಿಂತ ಕಷ್ಟ.

ಜಾಗ ಬದಲಿಸಲು ಒಪ್ಪಿದ್ದರಿಂದಲೂ ನನಗೆ ಕೆಲವು ವರ್ಷ ಜಾಸ್ತಿ ಸಿಕ್ಕಿತು. ಇದೂ ಛೆಟ್ರಿಯಿಂದ ಕಲಿತದ್ದೇ. 2018-19ರಲ್ಲಿ ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದ ಸೀಸನ್‌ನಲ್ಲಿ ಮಧ್ಯೆ ವೆನೆಜುವೆಲಾದ ಮಿಕು, ಎಡಬದಿಯಲ್ಲಿ ಛೆಟ್ರಿ. ದೇಶದ ನಾಯಕ ನಾನು, ಮಧ್ಯದ ಜಾಗ ನನ್ನದೇ ಅಂತ ಅವರು ಪಟ್ಟು ಹಿಡಿಯಲಿಲ್ಲ. 2024-25ರಲ್ಲಿ ಎಷ್ಟೋ ಮ್ಯಾಚ್‌ಗಳಲ್ಲಿ ಬೆಂಚಿನಿಂದ ಎದ್ದು ಬಂದರು, ಆದರೂ 14 ಗೋಲು. ನಾನು ಮೂವತ್ತಾರರಲ್ಲಿ ಕೋಚ್ ಹತ್ತಿರ ಹೋಗಿ, "ಸರ್, ನನಗೆ ಕೊನೇ ಅರ್ಧ ಗಂಟೆ ಕೊಡಿ, ಶುರುವಿಗೆ ಹುಡುಗರನ್ನ ಹಾಕಿ" ಅಂದೆ. ಅವರಿಗೆ ಆಶ್ಚರ್ಯ. ಆದರೆ ಲೆಕ್ಕ ಸರಳ. ಅರವತ್ತು ನಿಮಿಷ ಓಡಿ ದಣಿದ ಡಿಫೆಂಡರ್ ಎದುರು ನಾನು ತಾಜಾ ಕಾಲಲ್ಲಿ ಬರುತ್ತೇನೆ. ಅವನು ಕುತ್ತಿಗೆ ತಿರುಗಿಸುವುದನ್ನು ನಿಲ್ಲಿಸಿರುತ್ತಾನೆ, ನನಗೆ ಅದೇ ಬೇಕು. 2020ರಲ್ಲಿ ಒಂದು ಮ್ಯಾಚಿಗೆ ಐದು ಸಬ್‌ಗಳಿಗೆ, ಅಂದರೆ ಬದಲಿ ಆಟಗಾರರಿಗೆ, ಅವಕಾಶ ಬಂತು, ಮುಂದೆ ಅದೇ ಕಾಯಂ ಆಯಿತು. ನನ್ನಂಥ ಹಳಬರಿಗೆ ಅದು ವರವೇ.

ಒಂದು ಮ್ಯಾಚ್ ಮುಗಿದ ಮೇಲೆ ಎದುರು ಟೀಮಿನ ಹುಡುಗ, "ಕಾಕಾ, ನೀವು ಓಡೂದೇ ಇಲ್ಲಲ್ರೀ, ಗೋಲ್ ಹೆಂಗ್ ಹೊಡೀತೀರಿ?" ಅಂದ. ಅವನೇ ನನ್ನನ್ನು ಕಾಯುತ್ತಿದ್ದ ಡಿಫೆಂಡರ್. "ನೀ ಬಾಲ್ ನೋಡ್ಕೋತ ನಿಂತಿದ್ದೆಪಾ, ನಾ ನಿನ್ನ ನೋಡ್ಕೋತ ನಿಂತಿದ್ದೆ" ಅಂದೆ.

ದುಡ್ಡಿನ ಮಾತು ಯಾರೂ ಬರೆಯಲ್ಲ, ಅದಕ್ಕೇ ಬರೆಯುತ್ತೇನೆ. ಸಣ್ಣ ಕ್ಲಬ್‌ಗಳಲ್ಲಿ ಸಂಬಳ ಸೀಸನ್ ಇರುವಷ್ಟು ತಿಂಗಳಿಗೆ ಮಾತ್ರ. ಉಳಿದ ತಿಂಗಳು ನಾನು ಖಡೇಬಜಾರ್‌ನಲ್ಲಿ ಸಂಬಂಧಿಕರ ಅಂಗಡಿಯಲ್ಲಿ ಕೂರುತ್ತಿದ್ದೆ. ಒಂದು ಕ್ಲಬ್ಬಿನವರು ಕೆಲವು ತಿಂಗಳ ಸಂಬಳ ಉಳಿಸಿಕೊಂಡರು. ನಾಳೆ, ನಾಡಿದ್ದು ಅನ್ನುತ್ತಾ ಸೀಸನ್ನೇ ಮುಗಿಸಿದರು. ಅಲ್ಲಿ ನಮ್ಮ ಜೊತೆ ಆಡಿದ ಹಲವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ, ಬರೀ ಬಾಯಿ ಮಾತು. ನನ್ನ ಹತ್ತಿರ ಸಹಿ ಮಾಡಿದ ಕರಾರಿನ ಪ್ರತಿ ಇತ್ತು. ಅದನ್ನು ತೋರಿಸಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೆ (ಎಐಎಫ್‌ಎಫ್) ಬರೆಯುತ್ತೇನೆ ಅಂದ ಮೇಲೆ ನನ್ನ ಬಾಕಿ ಚುಕ್ತಾ ಆಯಿತು. ಹಾಗಾಗಿ ಹೇಳುವುದು ಇಷ್ಟು: ಸಹಿ ಹಾಕಿದ ದಿನವೇ ಒಂದು ಪ್ರತಿ ಕೈಗೆ ತಗೊಳ್ಳಿ. ಎಐಎಫ್‌ಎಫ್‌ನ ಸಿಆರ್‌ಎಸ್ ಅನ್ನುವ ಆಟಗಾರರ ಕೇಂದ್ರೀಯ ನೋಂದಣಿಯಲ್ಲಿ ನಿಮ್ಮ ಹೆಸರು, ಕರಾರಿನ ಅವಧಿ ಸರಿಯಾಗಿ ಏರಿದೆಯಾ ನೋಡಿ. ತಕರಾರು ಬಂದರೆ ಕೇಳಲು ಅವರ ಪ್ಲೇಯರ್ ಸ್ಟೇಟಸ್ ಕಮಿಟಿ ಇದೆ. ಕ್ಲಬ್ ಬಿಡುವಾಗ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ವಿಷಯವನ್ನು ಬಾಯಲ್ಲಿ ಬಿಡದೆ ಬರವಣಿಗೆಯಲ್ಲಿ ಮುಗಿಸಿಕೊಳ್ಳಿ.

ನಾನು ನಿಲ್ಲಿಸಿದ್ದು ಗಾಯ ಆಗಿ ಅಲ್ಲ. ಮೊದಲು ಮ್ಯಾಚ್ ಆಡಿದ ಎರಡನೇ ದಿನಕ್ಕೆ ಮೈ ಸರಿಹೋಗುತ್ತಿತ್ತು. ಕೊನೇ ಸೀಸನ್‌ನಲ್ಲಿ ಬರೀ ಅರ್ಧ ಗಂಟೆ ಆಡಿದರೂ ಬಿಗಿತ ಇಳಿಯುವಷ್ಟರಲ್ಲಿ ಮುಂದಿನ ಮ್ಯಾಚ್ ಬಂದಿರುತ್ತಿತ್ತು. ಅಭ್ಯಾಸ ಮಾಡಲು ದಿನವೇ ಉಳಿಯಲಿಲ್ಲ. ಅಭ್ಯಾಸ ಇಲ್ಲದೆ ಆಡುವುದು ನನಗೆ ಒಗ್ಗಲ್ಲ. ಸೀಸನ್ ಮುಗಿಸಿ ಕೋಚಿಂಗ್‌ನ ಆರಂಭದ ಹಂತದ ಡಿ ಲೈಸೆನ್ಸ್ ಮಾಡಿಕೊಂಡೆ.

ಈಗ ಬೆಳಗ್ಗೆ ಮಕ್ಕಳ ಬ್ಯಾಚ್ ಇದೆ. ಎಲ್ಲರಿಗೂ ಬಾಕ್ಸಿನ ಹೊರಗಿಂದ ಜೋರಾಗಿ ಹೊಡೆಯುವ ಆಸೆ. ನಾನು ಅರ್ಧ ಗಂಟೆ ಬರೀ ಸುಳ್ಳು ಹೆಜ್ಜೆ, ನಿಜ ಹೆಜ್ಜೆ ಮಾಡಿಸುತ್ತೇನೆ. ಮುಖ ಗಂಟು ಹಾಕಿಕೊಂಡೇ ಮಾಡುತ್ತಾರೆ. ಹನ್ನೆರಡರ ಒಳಗಿನವರಿಗೆ ಇದೇ ಜಾಗ ಅಂತ ಕೊಡುವುದಿಲ್ಲ, ವಾರವಾರ ಬದಲಿಸುತ್ತೇನೆ. ಕೆಲವು ಅಪ್ಪಂದಿರಿಗೆ ಇದು ಸರಿಬರಲ್ಲ. ಮೊನ್ನೆ ಒಬ್ಬರು, "ನಮ್ಮ ಹುಡುಗ ಸ್ಟ್ರೈಕರ್ ರೀ, ಅವನ್ನ ಯಾಕ ಹಿಂದ ನಿಲ್ಲಸ್ತೀರಿ?" ಅಂತ ಜಗಳಕ್ಕೇ ಬಂದರು. ಡಿಫೆಂಡರ್ ಯಾವಾಗ ಯಾವ ಕಡೆ ನೋಡುತ್ತಾನೆ ಅಂತ ಅವನಿಗೆ ಗೊತ್ತಾಗಲಿ ಬಿಡ್ರೀ, ಅದಕ್ಕೇ ನಿಲ್ಲಿಸಿದ್ದೇನೆ ಅಂದೆ. ಅವರು ಒಪ್ಪಿದರೋ ಇಲ್ಲವೋ, ಹುಡುಗ ಮಾತ್ರ ಮರುದಿನವೂ ಬಂದ.