ಶಾಲೆಯ ಪ್ರಾರ್ಥನೆಗೆ ನಿಮ್ಮ ಒಪ್ಪಿಗೆ ಕೇಳಿದ್ದಾರೆಯೇ? ಮುಂಬಯಿಯ ಪೋಷಕರಿಗೊಂದು ಕೈಪಿಡಿ

ಮಕ್ಕಳ ಶಾಲೆಯಲ್ಲಿ ಧಾರ್ಮಿಕ ಒತ್ತಾಯ ಇರಬಾರದೆಂದು ಕೇಳಲು ಹೊರಟ ಪೋಷಕರು ಮೊದಲು ವಿಚಾರಿಸಬೇಕಾದದ್ದು, ಆ ಶಾಲೆ ಯಾರ ಹಣದಿಂದ ನಡೆಯುತ್ತಿದೆ ಎಂಬುದನ್ನು. ಸಂವಿಧಾನದ 28ನೇ ವಿಧಿ ಎಲ್ಲ ಶಾಲೆಗಳನ್ನೂ ಒಂದೇ ರೀತಿ ಕಾಣುವುದಿಲ್ಲ. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಯೇ ನಿಷಿದ್ಧ. ಬೃಹನ್ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳು ಈ ಗುಂಪಿಗೆ ಸೇರುತ್ತವೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಖಾಸಗಿ ಶಾಲೆಯು, ಅದು ಚರ್ಚಿನದಾಗಲಿ, ಮಠದ್ದಾಗಲಿ, ಟ್ರಸ್ಟಿನದಾಗಲಿ, ಧಾರ್ಮಿಕ ಬೋಧನೆ ನೀಡಬಹುದು, ಪೂಜೆಯನ್ನೂ ನಡೆಸಬಹುದು. ಆದರೆ ಒಪ್ಪಿಗೆ ಪಡೆಯದೆ ಯಾವ ವಿದ್ಯಾರ್ಥಿಯನ್ನೂ ಅದರಲ್ಲಿ ಕೂರಿಸುವಂತಿಲ್ಲ. ವಿದ್ಯಾರ್ಥಿ ಅಪ್ರಾಪ್ತ ವಯಸ್ಸಿನವನಾದರೆ ಆ ಒಪ್ಪಿಗೆಯನ್ನು ಪೋಷಕರೇ ಕೊಡಬೇಕು. 30ನೇ ವಿಧಿಯಡಿ ಅಲ್ಪಸಂಖ್ಯಾತರು ನಡೆಸುವ ಶಾಲೆಗಳಿಗೂ ಈ ಷರತ್ತು ಅನ್ವಯಿಸುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ವಿಧಿಯು ಪೋಷಕರಿಗೆ ವಿನಾಯಿತಿ ಬೇಡುವ ಅವಕಾಶವನ್ನಷ್ಟೇ ಕೊಟ್ಟಿಲ್ಲ. ಮೊದಲೇ ಒಪ್ಪಿಗೆ ಪಡೆಯುವ ಹೊಣೆಯನ್ನು ಶಾಲೆಯ ಮೇಲೆ ಹೊರಿಸಿದೆ. ಆದ್ದರಿಂದ ನಿಮ್ಮ ಪತ್ರವು ‘ನಮ್ಮ ಮಗುವನ್ನು ದಯವಿಟ್ಟು ಬಿಟ್ಟುಬಿಡಿ’ ಎಂದು ಆರಂಭವಾಗಬೇಕಾಗಿಲ್ಲ. ‘ಈ ಕಾರ್ಯಕ್ರಮಕ್ಕೆ ನಮ್ಮ ಲಿಖಿತ ಒಪ್ಪಿಗೆಯನ್ನು ಯಾವಾಗ ಪಡೆಯಲಾಯಿತು?’ ಎಂಬ ಪ್ರಶ್ನೆಯಿಂದ ಆರಂಭವಾದರೆ ಸಾಕು. ಪ್ರವೇಶ ಅರ್ಜಿಯ ಕೊನೆಯಲ್ಲಿರುವ ‘ಶಾಲೆಯ ಎಲ್ಲ ನಿಯಮಗಳಿಗೆ ಬದ್ಧರಾಗಿರುತ್ತೇವೆ’ ಎಂಬ ಸಾಲನ್ನು ಆಡಳಿತ ಮಂಡಳಿ ತೋರಿಸಬಹುದು. ಪೂಜೆಯನ್ನೋ ಪ್ರಾರ್ಥನೆಯನ್ನೋ ಹೆಸರಿಸದ ಅಂಥ ಸಾಲನ್ನು ಒಪ್ಪಿಗೆಯೆಂದು ಕರೆಯುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ.

ಧಾರ್ಮಿಕ ಬೋಧನೆ ಬೇರೆ, ಧರ್ಮಗಳ ಕುರಿತ ಪಾಠ ಬೇರೆ ಎಂಬುದನ್ನು ಪತ್ರ ಬರೆಯುವ ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಗುರುನಾನಕರ ಜೀವನ ಮತ್ತು ಉಪದೇಶದ ಅಧ್ಯಯನವು ಧಾರ್ಮಿಕ ಬೋಧನೆಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1971ರಲ್ಲಿ ಡಿ.ಎ.ವಿ. ಕಾಲೇಜಿನ ಪ್ರಕರಣದಲ್ಲಿ ಹೇಳಿತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿಯೂ ಧರ್ಮಗಳ ಬಗೆಗಿನ ಶಿಕ್ಷಣಕ್ಕೆ ಅಡ್ಡಿಯಿಲ್ಲವೆಂದಿತು. ಹೀಗಿರುವಾಗ ಕನ್ನಡ ಪಠ್ಯದ ಬಸವಣ್ಣನವರ ವಚನಕ್ಕೋ, ಮರಾಠಿ ಪಠ್ಯದ ತುಕಾರಾಮರ ಅಭಂಗಕ್ಕೋ ಆಕ್ಷೇಪಿಸಿದರೆ ಕಾನೂನೂ ನಿಮ್ಮ ಪರವಾಗಿರುವುದಿಲ್ಲ, ನೆರೆಹೊರೆಯ ಪೋಷಕರೂ ದೂರವಾಗುತ್ತಾರೆ. ಕೈಮುಗಿದು ನಿಲ್ಲಲೇಬೇಕು, ಮಂತ್ರ ಹೇಳಲೇಬೇಕು, ಪ್ರಾರ್ಥನಾ ಮಂದಿರಕ್ಕೆ ಬರಲೇಬೇಕು, ಪೂಜೆಯ ಚಂದಾ ಕೊಡಲೇಬೇಕು ಎಂಬಂಥ ಆಚರಣೆಯ ಒತ್ತಾಯಗಳಿಗೆ ಮಾತ್ರ ಬೇಡಿಕೆಯನ್ನು ಸೀಮಿತಗೊಳಿಸಿ.

ಪತ್ರಕ್ಕೆ ಒಂದೇ ಮನೆಯವರು ಸಹಿ ಹಾಕಿದರೆ ಮಗುವಿನ ಮೇಲೆ ಕಣ್ಣು ಬೀಳುತ್ತದೆ. ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿಯುವ ನಮ್ಮ ಕನ್ನಡಿಗರಲ್ಲಿ ಅನೇಕರಿಗೆ, ಊರುಬಿಟ್ಟು ಬಂದವರು ಶಾಲೆಯವರನ್ನು ಎದುರುಹಾಕಿಕೊಳ್ಳುವುದೇಕೆ ಎಂಬ ಅಳುಕು ಇರುವುದು ಸಹಜ. ಬೇರೆ ಬೇರೆ ಮತ, ಭಾಷೆಗಳ ಕೆಲವು ಕುಟುಂಬಗಳು, ಸಾಧ್ಯವಾದರೆ ಆ ಪೂಜೆಯಲ್ಲಿ ನಂಬಿಕೆಯುಳ್ಳ ಒಂದೆರಡು ಕುಟುಂಬಗಳೂ ಸೇರಿ ಸಹಿ ಹಾಕಿದ ಪತ್ರಕ್ಕೆ ಬೇರೆಯೇ ತೂಕವಿರುತ್ತದೆ. ಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರಲಿ, ಸಹಿ ಹಾಕುವವರಿಗೆ ಕನ್ನಡ ಪ್ರತಿಯನ್ನೂ ಕೊಡಿ. ಪೂಜೆ, ಪ್ರಾರ್ಥನೆಯ ಸಮಯದಲ್ಲಿ ಮಗುವಿಗೆ ಗ್ರಂಥಾಲಯವನ್ನೋ ಬೇರೆ ಕೆಲಸವನ್ನೋ ಒದಗಿಸಬೇಕೆಂದು ನಿರ್ದಿಷ್ಟವಾಗಿ ಕೇಳಿ, ಏಕೆಂದರೆ ಒಪ್ಪದ ಮಗುವನ್ನು ವರಾಂಡದಲ್ಲಿ ಒಂಟಿಯಾಗಿ ನಿಲ್ಲಿಸುವುದೂ ಒಂದು ಶಿಕ್ಷೆಯೇ, ಮತ್ತು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. ಪತ್ರ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ದಿನಾಂಕದೊಡನೆ ‘ಪೋಚ್’ (ಪತ್ರ ತಲುಪಿತೆಂಬ ಸಹಿ) ಪಡೆಯಲು ಮರೆಯಬೇಡಿ.

ಮಹಾನಗರಪಾಲಿಕೆಯ ಶಾಲೆಯಾದರೆ ಶಾಲಾ ವ್ಯವಸ್ಥಾಪನ ಸಮಿತಿಯೇ ಮೊದಲ ವೇದಿಕೆ. ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಸುಪ್ರೀಂ ಕೋರ್ಟಿನ 2014ರ ಪ್ರಮತಿ ತೀರ್ಪಿನ ನಂತರ ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವಾದ್ದರಿಂದ ಅಲ್ಲಿ 28ನೇ ವಿಧಿಯನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಉತ್ತರ ಬಾರದಿದ್ದರೆ ಶಿಕ್ಷಣಾಧಿಕಾರಿಯ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಈ ಪ್ರಾರ್ಥನೆಯನ್ನು ಕಡ್ಡಾಯಗೊಳಿಸುವ ಯಾವುದಾದರೂ ಸುತ್ತೋಲೆಯಿದ್ದರೆ ಅದರ ಪ್ರತಿ ಕೊಡಿ ಎಂದು ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಮಹಾರಾಷ್ಟ್ರದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು.

ನ್ಯಾಯಾಲಯ ಕೊನೆಯ ದಾರಿ. ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತರೂ ಶ್ರದ್ಧೆಯ ಕಾರಣದಿಂದ ಹಾಡದ ಕೇರಳದ ಮೂವರು ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳುವಂತೆ 1986ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಬಿಜೋ ಇಮ್ಯಾನುಯೆಲ್ ಪ್ರಕರಣವನ್ನೂ, ಪ್ರಾರ್ಥನೆಯ ವೇಳೆ ಕೈಮುಗಿಯದ ನಾಸಿಕದ ಶಿಕ್ಷಕರೊಬ್ಬರ ಪರವಾಗಿ ಬಾಂಬೆ ಹೈಕೋರ್ಟ್ ನೀಡಿದ ತೀರ್ಪನ್ನೂ ಪತ್ರದಲ್ಲಿ ಉಲ್ಲೇಖಿಸಿದರೆ, ಅನೇಕ ವೇಳೆ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬೀಳದು. ಗೋವಾವೂ ಇದೇ ಹೈಕೋರ್ಟಿನ ವ್ಯಾಪ್ತಿಯಲ್ಲಿರುವುದರಿಂದ ವಾಸ್ಕೋದ ಪೋಷಕರಿಗೂ ಆ ತೀರ್ಪು ಉಪಯೋಗಕ್ಕೆ ಬರುತ್ತದೆ.

ಕಷ್ಟದ ಪರೀಕ್ಷೆ ಎದುರಾಗುವುದು ನಮ್ಮದೇ ಜನ ಕಟ್ಟಿದ ಶಾಲೆಯಲ್ಲಿ. ಚರ್ಚಿನ ಶಾಲೆಗೆ ಪತ್ರ ಬರೆಯಲು ಉತ್ಸಾಹ ತೋರುವವರು, ಕನ್ನಡಿಗರ ಸಂಸ್ಥೆಯ ಶಾಲೆಯಲ್ಲಿ ಶಾರದಾ ಪೂಜೆಗೆ ಎಲ್ಲ ಮಕ್ಕಳೂ ಬರಬೇಕೆಂದಾಗ ‘ಅದು ಸಂಸ್ಕೃತಿ’ ಎಂದು ಸುಮ್ಮನಾಗುವುದುಂಟು. ಶಾಲೆಯ ಹೆಸರನ್ನಷ್ಟೇ ಬದಲಿಸಿ ಅದೇ ಪತ್ರವನ್ನು ಎರಡೂ ಕಡೆ ಕೊಡಲಾರದವರ ಪ್ರಚಾರವನ್ನು ಯಾರೂ ನಂಬಲಾರರು, ನಂಬಲೂ ಬಾರದು.

ಪ್ರವೇಶ ಅರ್ಜಿಯ ಧರ್ಮದ ಕಾಲಮಿನ ವಿಷಯದಲ್ಲಿ ಮಾತ್ರ ಆತುರ ಬೇಡ. ಯಾರನ್ನೂ ತಮ್ಮ ಧರ್ಮ ಘೋಷಿಸುವಂತೆ ಸರ್ಕಾರ ಒತ್ತಾಯಿಸಲಾಗದು, ಯಾವ ಧರ್ಮಕ್ಕೂ ಸೇರಿಲ್ಲವೆಂದು ಹೇಳುವ ಹಕ್ಕೂ ಇದೆ ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ಹೇಳಿದೆ. ಆದರೂ ಜಾತಿ ಪ್ರಮಾಣಪತ್ರ ಮತ್ತು ಅದರ ಪರಿಶೀಲನೆಗೆ ಶಾಲೆಯ ದಾಖಲೆಯೇ ಮುಖ್ಯ ಪುರಾವೆಯಾಗುತ್ತದೆ. ಪರಿಶಿಷ್ಟ ಜಾತಿಯ ಸ್ಥಾನಮಾನವು 1950ರ ಆದೇಶದಂತೆ ಹಿಂದೂ, ಸಿಖ್ ಮತ್ತು ಬೌದ್ಧರಿಗೆ ಸೀಮಿತವಾಗಿದೆ. ಮೀಸಲಾತಿಯ ಅಗತ್ಯವಿರುವ ಕುಟುಂಬಗಳಿಗೆ ಕಾಲಂ ಖಾಲಿ ಬಿಡಿ ಎಂದು ಸಲಹೆ ಕೊಡುವ ಮುನ್ನ ಈ ಪರಿಣಾಮವನ್ನು ವಿವರಿಸಿ, ನಿರ್ಧಾರವನ್ನು ಅವರಿಗೇ ಬಿಡಿ.