ಜಾಕೊಬೈಟ್ ಗ್ಲಾಸಿನ ಗುಲಾಬಿ ಹಳೆಯದೋ ಹೊಸದೋ? ನನ್ನ ಅನುಭವ

ಜಾಕೊಬೈಟರು ಅಂದರೆ ಬ್ರಿಟನ್ನಿನ ಸಿಂಹಾಸನ ಕಳೆದುಕೊಂಡ ಸ್ಟುವರ್ಟ್ ರಾಜಮನೆತನದ ಬೆಂಬಲಿಗರು; ಅವರ ಗ್ಲಾಸುಗಳ ಮೇಲೆ ಗುಲಾಬಿ ಕೆತ್ತಿರುತ್ತದೆ. ಆ ಕೆತ್ತನೆ ಹಳೆಯದೇ ಅಂತ ನೋಡಲು ಗ್ಲಾಸಿನ ಮೇಲೆ ಸಿಲಿಕೋನ್ ಮೆತ್ತಿ ಅಚ್ಚು ತೆಗೆಯುತ್ತೇನೆ ಅಂದಾಗ ನಮ್ಮ ಸಂಗ್ರಾಹಕರ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ಗಾಜು ಹಾಳಾಗುತ್ತೆ, ಏನೂ ಕಾಣಲ್ಲ ಅಂದರು. ಈಗ ಅವರಲ್ಲೇ ಕೆಲವರು ಕೊಳ್ಳುವ ಮುಂಚೆ ನನ್ನ ಹತ್ತಿರ ತರುತ್ತಾರೆ.

ಕಷ್ಟ ಇದು. ಗಾಜು ಹಳೆಯದೇ ಇರುತ್ತದೆ, ಗುಲಾಬಿ ಹೊಸದಿರುತ್ತದೆ. 1750ರ ಸುಮಾರಿನ ಬೋಳು ಗ್ಲಾಸು, ದಂಟಿನೊಳಗೆ ಗಾಳಿಯ ಸುರುಳಿ ಇರುವಂಥದ್ದು, ನಾನು ಕೊಳ್ಳುವಾಗ 200 ಪೌಂಡಿನ ಆಸುಪಾಸು. ಅದರ ಮೇಲೆ ಆರು ಎಸಳಿನ ಗುಲಾಬಿ, ಮೊಗ್ಗು, ಓಕ್ ಎಲೆ, ‘ಫಿಯಾಟ್’ (ಲ್ಯಾಟಿನ್‌ನಲ್ಲಿ ‘ಹಾಗೇ ಆಗಲಿ’) ಅನ್ನುವ ಬರಹ ಇದ್ದರೆ ಸಾವಿರ ದಾಟುತ್ತದೆ. 1746ರಲ್ಲಿ ಸ್ಕಾಟ್ಲೆಂಡಿನ ಕಲಾಡನ್ ಯುದ್ಧದಲ್ಲಿ ಸೋತ ಸ್ಟುವರ್ಟ್ ರಾಜಮನೆತನದ ಹೆಸರಲ್ಲಿ ಎತ್ತಿದ ಗ್ಲಾಸು ಅನ್ನುವುದಕ್ಕೇ ಆ ದುಡ್ಡು. ಅದಕ್ಕೇ ಬೋಳು ಗ್ಲಾಸಿಗೆ ಆಮೇಲೆ ಕೆತ್ತಿ ಮಾರಿದವರೂ ಇದ್ದಾರೆ.

ಯುವಿ ಟಾರ್ಚ್ ಇಲ್ಲಿ ಉಪಯೋಗಕ್ಕಿಲ್ಲ. ಸೀಸದ ಗಾಜು ನೀಲಿಯಾಗಿ ಹೊಳೆಯುತ್ತದೆ ಸರಿ, ಕೆತ್ತಿದ್ದು ಯಾವಾಗ ಅಂತ ಹೇಳುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ನೇರವಾಗಿ ನೋಡಿದರೆ ಹೊಳಪು ಕಣ್ಣಿಗೆ ಹೊಡೆಯುತ್ತದೆ, ಆಚೆ ಬದಿಯ ಗೀರೂ ಬೆರೆತು ಕಾಣುತ್ತದೆ. ಮೇಣ ಹಾಕಿ ನೋಡಿದೆ, ಕೆತ್ತನೆಯೊಳಗೇ ಕೂತುಬಿಟ್ಟಿತು, ತೆಗೆಯಲು ದಿನಗಟ್ಟಲೆ ಹಿಡಿಯಿತು. ಮಕ್ಕಳ ಕ್ಲೇ ಎಣ್ಣೆ ಬಿಟ್ಟಿತು. ಅಗ್ಗದ ಸಿಲಿಕೋನಿನಲ್ಲಿ ಗುಳ್ಳೆ ಎದ್ದು ಸಣ್ಣ ಗೀರೆಲ್ಲ ಮುಚ್ಚಿಹೋಯಿತು. ಇಷ್ಟಕ್ಕೇ 150 ಪೌಂಡ್ ಹೋಗಿರಬೇಕು.

ಕೊನೆಗೆ ಕೈಹಿಡಿದದ್ದು ಹಲ್ಲಿನ ಡಾಕ್ಟರು ಅಚ್ಚಿಗೆ ಬಳಸುವ ತೆಳು ಸಿಲಿಕೋನ್. 35 ಪೌಂಡೇನೋ ಕೊಟ್ಟೆ, ಹತ್ತಾರು ಗ್ಲಾಸಿಗೆ ಬಂತು. ಅಚ್ಚಿನಲ್ಲಿ ಕೆತ್ತನೆ ಏಣಾಗಿ ಎದ್ದು ನಿಲ್ಲುತ್ತದೆ, ಹೊಳಪಿನ ಕಾಟವಿಲ್ಲ. ಎಸಳಿನ ಚೆಂದ ನೋಡಬೇಡಿ, ಅಂಚು ನೋಡಿ. ಕೆತ್ತಿದ ಮೇಲೆ 250 ವರ್ಷ ತೊಳೆದು ಒರೆಸಿದ ಗ್ಲಾಸಿನಲ್ಲಿ ಗೀರುಗಳು ಅಂಚಿಗೆ ತಾಗಿ ತಾಗಿ ಅದನ್ನು ಮೊಂಡು ಮಾಡಿರುತ್ತವೆ. ಆಮೇಲೆ ಕೆತ್ತಿದ್ದಾದರೆ ಹಳೆಯ ಗೀರು ಅಂಚಿನವರೆಗೆ ಬಂದು ತುಂಡಾಗಿರುತ್ತದೆ, ಅಂಚು ಮಾತ್ರ ಚೂಪಾಗೇ ಇರುತ್ತದೆ. ಒಬ್ಬ ವ್ಯಾಪಾರಿ ಪಕ್ಕಾ ಅಂತ 900 ಪೌಂಡ್ ಹೇಳಿದ್ದ ಗ್ಲಾಸು ಹೀಗೇ ಸಿಕ್ಕಿಬಿತ್ತು. ಅಚ್ಚು ತೋರಿಸಿದೆ. ಮಾತಾಡದೆ ಗ್ಲಾಸು ಒಳಗಿಟ್ಟ. ಬೆಳಕನ್ನು ಎಷ್ಟು ಓರೆಯಾಗಿ ಹಿಡಿಯಬೇಕು, ಸಿಲಿಕೋನ್ ಮೆತ್ತುವ ಮುಂಚೆ ಗಾಜಿಗೆ ಏನು ಸವರುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಸುಮ್ನೆ ಮೆಡಲುಗಳ ಮೇಲೂ ಮಾಡಿ ನೋಡಿದೆ. ಜಾಕೊಬೈಟರ ಕೂಟವಾದ ಓಕ್ ಸೊಸೈಟಿಯ 1750ರ ಮೆಡಲ್ ಇದೆಯಲ್ವಾ, ಒಣಗಿದ ಮರದ ಪಕ್ಕ ಚಿಗುರು, ‘ರೆವಿರೆಸ್ಕಿಟ್’ (‘ಮತ್ತೆ ಚಿಗುರುತ್ತದೆ’) ಅಂತ ಬರಹ. ಎರಕ ಹೊಯ್ದ ನಕಲಾದರೆ ಅದರ ಮೇಲಿನ ಗಾಳಿಗುಳಿಗಳು ಅಚ್ಚಿನಲ್ಲಿ ಸಣ್ಣ ಗುಳ್ಳೆಗಳಾಗಿ ಕಾಣುತ್ತವೆ. ಇದು ಗಾಜಿಗಿಂತ ಬಹಳ ಸುಲಭ.

‘ಆಮೆನ್’ ಗ್ಲಾಸು, ಅಂದರೆ ಜಾಕೊಬೈಟ್ ಪದ್ಯ ಬರೆದು ‘ಆಮೆನ್’ ಅಂತ ಮುಗಿಸಿದ್ದು, ಬೇರೆ ಮಾತು. ಅದರ ಗೆರೆ ಗುಲಾಬಿಯ ಹಾಗೆ ತಿರುಗುವ ಚಕ್ರದಲ್ಲಿ ಕೆತ್ತಿದ್ದಲ್ಲ, ವಜ್ರದ ಮೊನೆಯಿಂದ ಗೀರಿದ್ದು. ಅಷ್ಟು ತೆಳು ಗೆರೆಯಲ್ಲಿ ಅಂಚು ಹುಡುಕುವುದು ಕಷ್ಟ. ಅಂಥ ಗೆರೆ ಸವೆದರೆ ಹೇಗೆ ಕಾಣುತ್ತದೆ ಅಂತ ತಿಳಿಯಲು ಸದ್ಯಕ್ಕೆ ಬೋಳು ಗ್ಲಾಸುಗಳ ಮೇಲೆ ನಾನೇ ಗೀರಿ, ಬಟ್ಟೆಯಿಂದ ಉಜ್ಜಿ ಸವೆಸಿ, ಅಚ್ಚು ತೆಗೆಯುತ್ತಿದ್ದೇನೆ.